ರೆಗೆ ತಟ್ಟೆಗಳಿಗೊಂದು ಹಳೆಯ ಸೆಟ್ಟು

ಹೋದ ಚಳಿಗಾಲ ಶುರುವಾಗುವ ಮೊದಲು ಲೋಧಿ ಕಾಲೋನಿಯ ನಮ್ಮ ಕ್ವಾರ್ಟರ್ಸಿಗೆ ಸುಣ್ಣ ಬಳಿಯುವವರು ಬಂದರು. ಮೂರು ವರ್ಷ ಅರ್ಜಿ ಹಾಕಿ, ಫೋನು ಮಾಡಿ, ಜಗಳವಾಡಿ, ಕೊನೆಗೆ ಸಾಕಾಗಿ ನಾನು ಸುಮ್ಮನಾದ ಮೇಲೆ ಒಂದು ಬೆಳಿಗ್ಗೆ ತಾವಾಗಿಯೇ ಏಣಿ, ಬಕೆಟ್ಟು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಸರ್ಕಾರಿ ಕೆಲಸವೇ ಹಾಗೆ. ನಾನೂ ಮೂವತ್ತು ವರ್ಷದಿಂದ ಅದನ್ನೇ ಮಾಡುತ್ತಿರುವವಳು, ಆಡಿಕೊಳ್ಳುವ ಹಾಗಿಲ್ಲ. ಅಮ್ಮನ ಕೋಣೆಯ ಕಬ್ಬಿಣದ ಬೀರುವನ್ನು ಇಬ್ಬರು ಸೇರಿ ಸರಿಸಿದಾಗ ಅದರ ಹಿಂದಿನಿಂದ ಏನೋ ಜಾರಿ ನೆಲಕ್ಕೆ ಬಿತ್ತು. ಕಪ್ಪು ತಟ್ಟೆ. ತಿಂಡಿ ತಟ್ಟೆಯಷ್ಟು ದೊಡ್ಡದು, ನಡುವೆ ಮಗುವಿನ ಬಳೆಯಷ್ಟು ಅಗಲದ ತೂತು.

"ಮೇಡಂ, ಫೇಂಕ್ ದೂಂ?" ಎಸೆಯಲೇ ಎಂದು ಒಬ್ಬ ಕೇಳಿದ. ಅವನ ಕೈಯಿಂದ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿದೆ. ಅದು ಅಣ್ಣನ ರೆಕಾರ್ಡು. ಆ ಮನೆಯಲ್ಲಿ ಅಣ್ಣನದೆನ್ನುವ ಒಂದು ವಸ್ತುವೂ ಉಳಿದಿಲ್ಲ ಎಂದು ನಾನು ಆರು ವರ್ಷದಿಂದ ನಂಬಿಕೊಂಡಿದ್ದೆ.

ಅಣ್ಣ ನನಗಿಂತ ನಾಲ್ಕು ವರ್ಷ ದೊಡ್ಡವನು. ನಮ್ಮಪ್ಪ ಹಾಸನದ ಕಡೆಯಿಂದ ಗುಮಾಸ್ತರಾಗಿ ದೆಹಲಿಗೆ ಬಂದವರು. ನಾವಿಬ್ಬರೂ ಇಲ್ಲಿಯೇ ಹುಟ್ಟಿ, ಬೀದಿಯಲ್ಲಿ ಹಿಂದಿಯನ್ನೂ ಅಡಿಗೆಮನೆಯಲ್ಲಿ ಕನ್ನಡವನ್ನೂ ಕಲಿತೆವು. ನಾನು ಅಪ್ಪನ ದಾರಿ ಹಿಡಿದು ಸರ್ಕಾರಿ ನೌಕರಿಗೆ ಸೇರಿದೆ. ಅಣ್ಣ ಫರೀದಾಬಾದಿನ ಒಂದು ಕಾರ್ಖಾನೆಯಲ್ಲಿ, ತಗಡು ಒತ್ತುವ ದೊಡ್ಡ ದೊಡ್ಡ ಪ್ರೆಸ್‌ಗಳ ನಡುವೆ ಆಯುಸ್ಸು ಕಳೆದ. ಇಬ್ಬರೂ ಮದುವೆಯಾಗಲಿಲ್ಲ. ಅದರ ಕಾರಣಗಳು ಬೇರೆ ಬೇರೆ, ಇಲ್ಲಿ ಬೇಡ. ಅಪ್ಪ ಹೋದ ಮೇಲೆ ಕ್ವಾರ್ಟರ್ಸು ನನ್ನ ಹೆಸರಿಗಾಯಿತು. ಅಮ್ಮ, ಅಣ್ಣ ಇಬ್ಬರೂ ನನ್ನ ಜೊತೆಗಿದ್ದರು. "ನನ್ನ ಜೊತೆಗಿದ್ದರು" ಎಂದು ಈಗಲೂ ಬರೆಯುತ್ತಿದ್ದೇನೆ, ನೋಡಿ. ಮನೆ ಯಾರದೆಂಬುದನ್ನು ನಾನು ಒಂದು ದಿನವೂ ಮರೆತವಳಲ್ಲ.

ಕಾಲೇಜಿನ ದಿನಗಳಲ್ಲಿ ಅಣ್ಣನಿಗೆ ಆಫ್ರಿಕದಿಂದ ಓದಲು ಬಂದಿದ್ದ ಒಬ್ಬನ ಸ್ನೇಹವಾಗಿತ್ತು. ಅವನು ಓದು ಮುಗಿಸಿ ಊರಿಗೆ ಹೊರಟಾಗ ವಿಮಾನದಲ್ಲಿ ಭಾರವಾಗುತ್ತದೆಂದು ಒಂದು ಟ್ರಂಕು ರೆಗೆ ರೆಕಾರ್ಡುಗಳನ್ನು ಅಣ್ಣನಿಗೆ ಬಿಟ್ಟುಹೋದ. ಜಮೈಕದ ಹಾಡುಗಳು. ಅವನ್ನು ಕೇಳಲೆಂದೇ ಅಣ್ಣ ಹಲವು ವರ್ಷ ಗುಜರಿ ಅಂಗಡಿಗಳನ್ನು ಸುತ್ತಿ, ಒಂದೊಂದಾಗಿ ಸಾಮಾನು ತಂದು ಒಂದು ಸೆಟ್ಟು ಕಟ್ಟಿಕೊಂಡ: ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್, ಮುಟ್ಟಿದರೆ ಬಿಸಿಯಾಗಿರುವ ಆಂಪ್ಲಿಫೈಯರ್, ಸೊಂಟದೆತ್ತರದ ಎರಡು ಸ್ಪೀಕರ್ ಡಬ್ಬಗಳು. ಅವೆಲ್ಲ ಅಮ್ಮನ ಕೋಣೆಯಲ್ಲಿದ್ದವು, ಏಕೆಂದರೆ ನನ್ನ ಕೋಣೆಯಲ್ಲಿ ನಾನು ಬಿಡಲಿಲ್ಲ, ಹಜಾರ ಚಿಕ್ಕದು.

ನನಗೆ ಆ ಸಂಗೀತ ಸೇರುತ್ತಿರಲಿಲ್ಲ. "ನಿನ್ನ ಹಾಡು ಶುರುವಾಗೋದೇ ಇಲ್ವಲ್ಲೋ, ಬರೀ ತಯಾರಿ" ಎಂದು ಗೇಲಿ ಮಾಡುತ್ತಿದ್ದೆ. ಅಣ್ಣನಿಗೆ ಕೋಪ ಬರುತ್ತಿರಲಿಲ್ಲ. "ಇದರಲ್ಲಿ ಮೊದಲನೇ ಪೆಟ್ಟು ಇರಲ್ಲ ಕಣೇ. ಅದನ್ನ ಖಾಲಿ ಬಿಟ್ಟಿರ್ತಾರೆ. ಡ್ರಮ್ಮು ಮೂರನೇದಕ್ಕೆ ಬೀಳತ್ತೆ. ಆ ಖಾಲಿ ಜಾಗ ಸಿಕ್ಕಿಬಿಟ್ಟರೆ ಹಾಡು ಸಿಕ್ಕ ಹಾಗೆ," ಎನ್ನುತ್ತಿದ್ದ. ನನಗೆ ಸಿಗಲಿಲ್ಲ. ದೇವರನಾಮಗಳನ್ನು ತಾಳ ಹಾಕಿಕೊಂಡು ಹಾಡಿ ಬೆಳೆದ ಅಮ್ಮನಿಗೆ ಎರಡೇ ದಿನದಲ್ಲಿ ಸಿಕ್ಕಿತಂತೆ. ಅಂತೆ ಎನ್ನುತ್ತೇನೆ, ಏಕೆಂದರೆ ನಾನು ನೋಡಿದವಳಲ್ಲ. ಅಣ್ಣ ಮೊದಲ ಶಿಫ್ಟು ಮುಗಿಸಿ ಮೂರೂವರೆಗೆ ಮನೆಗೆ ಬರುತ್ತಿದ್ದ, ನಾನು ಆಫೀಸಿನಿಂದ ಬರುವುದು ಆರೂವರೆಗೆ. ಆ ಮೂರು ಗಂಟೆ ಅವರಿಬ್ಬರದು. ಆಗ ಮನೆಯಲ್ಲಿ ಏನು ನಡೆಯುತ್ತಿತ್ತೆಂದು ತಿಳಿಯುವ ಆಸೆ ನನಗೆ ಹುಟ್ಟಲೇ ಇಲ್ಲ.

ಆಮೇಲೆ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಮಾತೂ ಹೋಯಿತು. ಉಳಿದದ್ದು ಎರಡೋ ಮೂರೋ ಪದ, ಅವೂ ತೊದಲು ತೊದಲು. ಹಗಲು ನೋಡಿಕೊಳ್ಳಲು ಬಿಹಾರದ ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಒಳ್ಳೆಯವಳು, ಕೈ ಶುದ್ಧ, ಆದರೆ ಕನ್ನಡದ ಒಂದಕ್ಷರ ಬಾರದು. ಅಣ್ಣ ಮಾತ್ರ ತನ್ನ ಮೂರೂವರೆಯ ಪದ್ಧತಿಯನ್ನು ಬಿಡಲಿಲ್ಲ. ರೋಗಿಯ ತಲೆಯ ಹತ್ತಿರ ಈ ದುಮ್ ದುಮ್ ಯಾಕೆ ಎಂದು ನಾನು ಎರಡು ಸಲ ಕೂಗಾಡಿದೆ. ನನ್ನ ಬಾಯಿ ಮೊದಲಿನಿಂದಲೂ ಜೋರು, ಸೆಕ್ಷನ್ನಿನಲ್ಲಿ ಗಂಡಸರೂ ನನ್ನ ಮೇಜಿನ ಮುಂದೆ ಧ್ವನಿ ತಗ್ಗಿಸುತ್ತಾರೆ. ಅಣ್ಣ ಗುಂಡಿ ತಿರುಗಿಸಿ ಸದ್ದು ಕಡಿಮೆ ಮಾಡಿದ, ನಿಲ್ಲಿಸಲಿಲ್ಲ.

ಒಂದು ದಿನ ಆಫೀಸಿನಲ್ಲಿ ಹನ್ನೊಂದು ಗಂಟೆಯ ಟೀ ಕುಡಿಯುತ್ತಿದ್ದಾಗ ಆ ಹೆಂಗಸಿನ ಫೋನು ಬಂತು. "ದೀದಿ, ಮಾತಾಜಿ ಸುಬಹ್ ಸೇ ಗೂಂಗಾ, ಗೂಂಗಾ ಬೋಲ್ ರಹೀ ಹೈಂ. ಬಾಜೇ ಕೀ ತರಫ್ ಹಾಥ್ ದಿಖಾ ರಹೀ ಹೈಂ." ಬೆಳಗಿನಿಂದ ಅಮ್ಮ ಗೂಂಗಾ ಎನ್ನುತ್ತಿದ್ದಾಳೆ, ಹಾಡಿನ ಪೆಟ್ಟಿಗೆಯ ಕಡೆ ಕೈ ತೋರಿಸುತ್ತಿದ್ದಾಳೆ. ಹಿಂದಿಯಲ್ಲಿ ಗೂಂಗಾ ಎಂದರೆ ಮೂಕ. ನನಗೆ ಯೋಚಿಸುವ ಅಗತ್ಯವೇ ಕಾಣಲಿಲ್ಲ. ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿ ಎಂದು ಅಮ್ಮ ಕೇಳುತ್ತಿದ್ದಾಳೆ, ಪಾಪ, ಎಷ್ಟು ದಿನದಿಂದ ಸಹಿಸಿಕೊಂಡಿದ್ದಳೋ. ನಿಜ ಹೇಳಬೇಕೆಂದರೆ ನನಗೆ ಒಳಗೊಳಗೇ ಖುಷಿಯಾಯಿತು.

ಮರುದಿನ ಅರ್ಧ ದಿನ ರಜೆ ಹಾಕಿ, ಅಣ್ಣ ಶಿಫ್ಟಿನಲ್ಲಿದ್ದಾಗ ಗುಜರಿಯವನನ್ನು ಕರೆಸಿ ಎಲ್ಲವನ್ನೂ ಸಾಗಿಸಿಬಿಟ್ಟೆ. ರೆಕಾರ್ಡುಗಳ ಟ್ರಂಕನ್ನು ಮಾತ್ರ ಮುಟ್ಟಲಿಲ್ಲ. ಎರಡನೆಯ ಸ್ಪೀಕರು ಬಾಗಿಲು ದಾಟುವಾಗ ಅಮ್ಮ ಮಂಚದಿಂದ ಏನೋ ಅಂದಳು. ನಾನು ಹತ್ತಿರ ಹೋಗಿ ಹೊದಿಕೆ ಸರಿಮಾಡಿ, "ಆಯ್ತಮ್ಮ, ಹೋಯ್ತು. ಇನ್ನು ಆರಾಮಾಗಿ ಮಲಗು," ಎಂದೆ. ಅವಳು ನನ್ನನ್ನೇ ಬಹಳ ಹೊತ್ತು ನೋಡಿದಳು. ಆ ನೋಟವನ್ನು ನಾನು ಆಗ ಕೃತಜ್ಞತೆ ಎಂದುಕೊಂಡೆ.

ಮೂರೂವರೆಗೆ ಅಣ್ಣ ಬಂದ. ಡಬ್ಬಗಳಿದ್ದ ಕಡೆ ನೆಲದ ಮೇಲೆ ಎರಡು ಚೌಕ ಗುರುತು ಉಳಿದಿತ್ತು. "ಅಮ್ಮನಿಗೆ ಬೇಡವಾಗಿತ್ತು, ಬಾಯಿಬಿಟ್ಟು ಹೇಳಿದಳು," ಎಂದೆ. ಅವನು ಚೌಕಗಳನ್ನು ನೋಡಿದ, ಅಮ್ಮನನ್ನು ನೋಡಿದ. "ಅಚ್ಛಾ," ಎಂದ. ಅಷ್ಟೇ. ಅವನು ಜಗಳವಾಡಿದ್ದರೆ ನನಗೆ ಉತ್ತರ ಕೊಡಲು ಬರುತ್ತಿತ್ತು.

ಮೂರು ತಿಂಗಳಾದ ಮೇಲೆ ಅಮ್ಮ ಹೋದಳು. ವೈಕುಂಠ ಸಮಾರಾಧನೆ ಮುಗಿದ ವಾರದಲ್ಲೇ ಅಣ್ಣ ಕಾರ್ಖಾನೆಗೆ ಹತ್ತಿರವಾಗುತ್ತದೆಂದು ಹೇಳಿ, ಟ್ರಂಕು ತೆಗೆದುಕೊಂಡು ಫರೀದಾಬಾದಿನ ಒಂದು ಬಾಡಿಗೆ ಮನೆಗೆ ಹೋದ. ಆಮೇಲೆ ಯುಗಾದಿಗೊಂದು ಫೋನು, ದೀಪಾವಳಿಗೊಂದು ಫೋನು.

ಅವನು ಹೋದ ಮೇಲೆ ಮನೆಯಲ್ಲಿ ಒಂದು ಸದ್ದು ಶುರುವಾಯಿತು. ಶನಿವಾರ, ಭಾನುವಾರ, ರಜೆಯ ದಿನಗಳಲ್ಲಿ ಮಧ್ಯಾಹ್ನ ಮೂರೂವರೆಗೆ, ಬಿಸಿಲು ಕಿಟಕಿಯಿಂದ ಇಳಿದು ಅಮ್ಮನ ಮಂಚದ ಕಾಲಿನವರೆಗೆ ಬರುವ ಹೊತ್ತಿಗೆ ಗೋಡೆಯೊಳಗಿಂದ ಬರುತ್ತಿತ್ತು. ಕಿವಿಗಿಂತ ಹೆಚ್ಚಾಗಿ ಎದೆಗೆ ಕೇಳಿಸುವಂಥದು. ಎರಡು ಪೆಟ್ಟು, ಬಿಡುವು, ಮತ್ತೆ ಎರಡು ಪೆಟ್ಟು. ನಾನು ದೆವ್ವ ಭೂತ ನಂಬುವವಳಲ್ಲ. ಫ್ರಿಜ್ಜಿನ ಪ್ಲಗ್ಗು ಕಿತ್ತು ನೋಡಿದೆ. ಮೇಲಿನ ಮನೆಯವರ ಇನ್ವರ್ಟರ್ ಮೇಲೆ ಅನುಮಾನಪಟ್ಟು ಅವರೊಂದಿಗೆ ಮನಸ್ತಾಪ ಮಾಡಿಕೊಂಡೆ. ಕಿವಿಯ ಡಾಕ್ಟರಿಗೂ ತೋರಿಸಿದೆ, ಕಿವಿ ಚೆನ್ನಾಗಿದೆ ಎಂದರು. ಮಂಚವನ್ನು ಬೇರೆ ಗೋಡೆಗೆ ಸರಿಸಿದೆ, ಸದ್ದೂ ಮಂಚದ ಜೊತೆ ಸರಿಯಿತು. ಹೆದರಿಕೆಯಾಗುತ್ತಿತ್ತು ಎಂದು ಹೇಳಿಯೇ ಬಿಡುತ್ತೇನೆ. ರಜೆಯ ಮಧ್ಯಾಹ್ನಗಳನ್ನು ಲೋಧಿ ತೋಟದ ಬೆಂಚಿನ ಮೇಲೆ ಕಳೆದು ಬೆಳಕು ಹೋದ ಮೇಲೆ ಮನೆಗೆ ಬರುವ ಅಭ್ಯಾಸವಾಯಿತು. ಅಮ್ಮ ಏನನ್ನೋ ಕೇಳುತ್ತಿದ್ದಾಳೆ ಎನ್ನಿಸುತ್ತಿತ್ತು, ಏನನ್ನು ಎಂದು ಗೊತ್ತಾಗುತ್ತಿರಲಿಲ್ಲ.

ಬೀರುವಿನ ಹಿಂದಿನ ರೆಕಾರ್ಡು ಸಿಕ್ಕಿದ್ದು ಇಂಥ ದಿನಗಳಲ್ಲಿ. ಅದನ್ನು ಹಳೆಯ ದಿಂಬಿನ ಚೀಲದಲ್ಲಿ ಸುತ್ತಿಕೊಂಡು ದೀಪಾವಳಿಗೆ ಫರೀದಾಬಾದಿಗೆ ಹೋದೆ. ಅಣ್ಣ ರಿಟೈರಾಗಿದ್ದ. ಟೀವಿ ಬಹಳ ಜೋರಾಗಿ ಹಾಕಿಕೊಂಡಿದ್ದ, ಅದಕ್ಕೇ ನಾನು ಬೆಲ್ಲು ಒತ್ತಿದ್ದು ಅವನಿಗೆ ಕೇಳಿಸಲಿಲ್ಲ. ಪ್ರೆಸ್‌ಗಳು ಅವನ ಕಿವಿಯನ್ನು ತಿಂದುಹಾಕಿದ್ದವು. "ಮೇಲಿನ ಸ್ವರ ಎಲ್ಲ ಹೋಯ್ತಂತೆ ಕಣೇ. ಹಕ್ಕಿ, ಕುಕ್ಕರ್ ಸೀಟಿ, ಒಂದೂ ಕೇಳಲ್ಲ. ಕೆಳಗಿಂದು ಇನ್ನೂ ಇದೆ. ಅದೂ ಎಷ್ಟು ದಿನವೋ," ಎಂದು ಬೇರೆ ಯಾರದೋ ವಿಷಯ ಹೇಳುವಂತೆ ಹೇಳಿದ. ಟ್ರಂಕಿನ ಮೇಲೆ ಬಟ್ಟೆ ಹಾಸಿ ಮೇಜು ಮಾಡಿಕೊಂಡಿದ್ದ. ಮನೆಯಲ್ಲಿ ಸೆಟ್ಟು ಇರಲಿಲ್ಲ.

"ಇನ್ನೊಂದು ತಗೋಬಹುದಿತ್ತಲ್ಲ," ಎಂದು ಕಿವಿಯ ಹತ್ತಿರ ಕೂಗಿದೆ.

"ಯಾರ ಜೊತೆ ಕೇಳೋದು?" ಎಂದ.

ಚೀಲದಲ್ಲಿದ್ದ ರೆಕಾರ್ಡನ್ನು ಕೊಡದೆ ವಾಪಸು ತಂದೆ. ಬರುವ ದಾರಿಯಲ್ಲಿ ಮೆಟ್ರೋದಲ್ಲಿ ಕುಳಿತು ತೀರ್ಮಾನ ಮಾಡಿದೆ: ಅವನ ಕಿವಿ ಪೂರ್ತಿ ಮುಚ್ಚುವ ಮೊದಲು ಅವನಿಗೊಂದು ಸೆಟ್ಟು ತಂದುಕೊಡಬೇಕು. ಹೊಸದಲ್ಲ, ಮೊದಲಿನಂಥದೇ ಹಳೆಯದು. ಅವನಿಗೆ ಉಳಿದಿರುವುದು ಕೆಳಗಿನ ಸ್ವರ, ರೆಗೆ ನಿಂತಿರುವುದೂ ಅದರ ಮೇಲೆಯೇ. ತಡಮಾಡಿದರೆ ನಾನು ಮಾಡಿದ್ದನ್ನು ಸರಿಮಾಡಲು ಇನ್ನು ಯಾವ ದಾರಿಯೂ ಇರುವುದಿಲ್ಲ ಎಂಬ ಭಯ ಹಿಡಿದುಕೊಂಡಿತು. ಆಗಿನ್ನೂ ನಾನು ಮಾಡಿದ್ದು ಏನೆಂದು ನನಗೆ ಪೂರ್ತಿ ತಿಳಿದಿರಲಿಲ್ಲ.

ಮೊದಲು ಗುರುಗ್ರಾಮಕ್ಕೆ ಹೋದೆ. ಹದಿನಾಲ್ಕನೆಯ ಮಹಡಿಯಲ್ಲಿ ಒಬ್ಬ ಹಳೆಯ ಸೆಟ್ಟುಗಳನ್ನು ದೇವರ ಮೂರ್ತಿಗಳಂತೆ ಸಾಲಾಗಿ ಇಟ್ಟುಕೊಂಡಿದ್ದ. ಹಸಿರು ಚಹಾ ಕೊಟ್ಟು, ಬೆಳ್ಳಿ ಬಣ್ಣದ ಜಪಾನಿ ಆಂಪ್ಲಿಫೈಯರುಗಳ ವಂಶಾವಳಿ ಹೇಳಿದ. "ಸೌಂಡ್ ಎಷ್ಟು ವಾರ್ಮ್ ಆಗಿದೆ, ಫೀಲ್ ಮಾಡಿ ಆಂಟಿ," ಎಂದ ಇಂಗ್ಲಿಷಿನಲ್ಲಿ. ನನ್ನ ರೆಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, ಇಷ್ಟು ಗೀಚಿದ್ದನ್ನು ಹಾಕಿದರೆ ತನ್ನ ಸೂಜಿ ಹಾಳಾಗುತ್ತದೆಂದು ಹಿಂದಿರುಗಿಸಿದ. ಸೆಟ್ಟಿರುವುದು ರೆಕಾರ್ಡು ಹಾಕಲೆಂದೇ ಅಲ್ಲವೇನಪ್ಪ ಎಂದು ಕೇಳಿ ಎದ್ದುಬಂದೆ.

ಆಮೇಲೆ ಲಕ್ಷ್ಮೀ ನಗರದ ಒಬ್ಬ ಮೆಕ್ಯಾನಿಕ್ಕಿನ ವಿಷಯ ಗೊತ್ತಾಯಿತು. ಕೋಚಿಂಗ್ ಸೆಂಟರುಗಳ ಬೋರ್ಡುಗಳು ಆಕಾಶವನ್ನೇ ಮುಚ್ಚಿರುವ ಒಂದು ಗಲ್ಲಿಯಲ್ಲಿ, ಕಡಿದಾದ ಮೆಟ್ಟಿಲು ಹತ್ತಿದರೆ ಅವನ ಅಂಗಡಿ. ನನ್ನಷ್ಟೇ ವಯಸ್ಸಿನವನು, ಮೂಗಿನ ತುದಿಗೆ ಕನ್ನಡಕ. ಸುತ್ತಲೂ ಹೊಟ್ಟೆ ಬಿಚ್ಚಿಟ್ಟ ರೇಡಿಯೋಗಳು, ಬೆಸುಗೆಯ ಹೊಗೆಯ ವಾಸನೆ. ನನ್ನ ರೆಕಾರ್ಡನ್ನು ನೋಡಿ ಅವನು ಮುಖ ಸಿಂಡರಿಸಲಿಲ್ಲ. ಒಂದು ಬಟ್ಟೆ ಒದ್ದೆ ಮಾಡಿ ಸುತ್ತಲೂ ಒರೆಸಿದ. ನಡುವಿನ ದೊಡ್ಡ ತೂತಿಗೆ ತಲೆನೋವಿನ ಮುಲಾಮಿನ ಮುಚ್ಚಳವೊಂದನ್ನು ಅರದಿಂದ ಉಜ್ಜಿ ಕೂರಿಸಿ, ಅದರ ಮಧ್ಯಕ್ಕೆ ಬೆಸುಗೆ ಕಡ್ಡಿಯಿಂದ ಸಣ್ಣ ರಂಧ್ರ ಮಾಡಿದ. ಅಣ್ಣನ ಹತ್ತಿರ ಇದಕ್ಕೆಂದೇ ಕಾರ್ಖಾನೆಯಲ್ಲಿ ಕಡೆದ ಒಂದು ಬಿಲ್ಲೆ ಇತ್ತು, ಅದೂ ಟರ್ನ್‌ಟೇಬಲ್ಲಿನ ಜೊತೆ ಗುಜರಿಗೆ ಹೋಗಿತ್ತು.

ಆ ರೆಕಾರ್ಡಿನ ಒಂದು ಪಕ್ಕದಲ್ಲಿ ಹಾಡಿದೆ. ಇನ್ನೊಂದು ಪಕ್ಕದಲ್ಲಿ ಅದೇ ಹಾಡಿನಿಂದ ಹಾಡುಗಾರನನ್ನು ತೆಗೆದುಹಾಕಿದ್ದಾರೆ. ಕೆಳಗಿನ ಸ್ವರದ ಬೇಸು, ಡ್ರಮ್ಮು ಅಷ್ಟೇ. ನಡುವೆ ಎಲ್ಲೋ ಒಂದು ಕಡೆ ಅವನ ಧ್ವನಿಯ ಚೂರು ಬಂದು, ಪ್ರತಿಧ್ವನಿಸಿ, ಅಳಿಸಿಹೋಗುತ್ತದೆ. ರೆಗೆಯಲ್ಲಿ ಅದೊಂದು ಪದ್ಧತಿಯಂತೆ. ನಾನು ಆ ಪಕ್ಕವನ್ನು ಹಾಕಿಸಿದೆ. ಇಲ್ಲದವನೊಬ್ಬ ಪಕ್ಕದ ಕೋಣೆಯಿಂದ ಕರೆದ ಹಾಗಾಯಿತು.

ಮೂರು ಶನಿವಾರ ಅವನ ಅಂಗಡಿಗೆ ಹೋದೆ. ಹಾಗೆ ಹೋದರೆ ಮನೆಯಲ್ಲಿ ಮೂರೂವರೆಯನ್ನು ಎದುರಿಸಬೇಕಾಗಿರಲಿಲ್ಲ ಎಂಬುದೂ ಒಂದು ಕಾರಣ. ಮೊದಲ ವಾರ ಪುಸ್ತಕದ ಕಪಾಟಿನಲ್ಲಿ ಇಡುವಂಥ ಸಣ್ಣ ಸ್ಪೀಕರುಗಳನ್ನು ಕೇಳಿಸಿದ. ತಂತಿಯ ಸದ್ದು, ತಾಳದ ಸದ್ದು ಬಹಳ ಮುದ್ದಾಗಿತ್ತು. ಅವೆಲ್ಲ ಅಣ್ಣನಿಗೆ ಕೇಳಿಸದ ಸ್ವರಗಳು, ತೆಗೆದುಕೊಂಡು ಏನು ಮಾಡಲಿ. ಮುಂದಿನ ವಾರ ಭಾರಿ ಗಾತ್ರದ ಜರ್ಮನಿಯ ಡಬ್ಬಗಳನ್ನು ಹೊಂದಿಸಿಟ್ಟಿದ್ದ. ಮುಂದುಗಡೆ ಗಾಳಿ ಹೊರಬರಲು ಒಂದು ತೂತಿರುವಂಥವು. ಬೇಸು ಬಂದಾಗ ಮೇಜಿನ ಮೇಲಿನ ಸ್ಕ್ರೂಗಳು ಕುಣಿದವು. ಅವನು ಹೆಮ್ಮೆಯಿಂದ ನನ್ನ ಮುಖ ನೋಡಿದ.

ಆದರೆ ಏನೋ ಸರಿಯಿರಲಿಲ್ಲ. ಬೇಸು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ. ಒಂದು ಪೆಟ್ಟಿನ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡು, ಅಣ್ಣ ಹೇಳುತ್ತಿದ್ದ ಖಾಲಿ ಜಾಗ ತುಂಬಿಹೋಗುತ್ತಿತ್ತು. ಗದ್ದಲವಾಗಿತ್ತು, ನಿಲ್ಲಿಸಿದ ಮೇಲೆ ಮನಸ್ಸಿನಲ್ಲಿ ಏನೂ ಉಳಿಯುತ್ತಿರಲಿಲ್ಲ. ಇದನ್ನು ಹೇಳಲು ನನಗೆ ಹಿಂದಿ ಪದ ಹೊಳೆಯಲಿಲ್ಲ. ದೆಹಲಿಯಲ್ಲೇ ಹುಟ್ಟಿದವಳಿಗೆ ಹಿಂದಿ ಪದ ಸಿಗದಿರುವುದು ಅಪರೂಪ. ಬಾಯಿಗೆ ಕನ್ನಡವೇ ಬಂತು.

"ಭಯ್ಯಾ, ಆವಾಜ್ ತೋ ಬಹುತ್ ಹೈ. ಲೇಕಿನ್ ಇಸ್ ಮೇ ಗುಂಗು ನಹೀಂ ಹೈ." ಸದ್ದೇನೋ ಬೇಕಾದಷ್ಟಿದೆ, ಆದರೆ ಇದರಲ್ಲಿ ಗುಂಗಿಲ್ಲ ಎಂದೆ.

ಅವನು ಸದ್ದು ತಗ್ಗಿಸಿ ಕಿವಿಗೆ ಕೈ ಹಚ್ಚಿದ. "ಗೂಂಗಾ? ಗೂಂಗಾ ಕಹಾಂ ಸೇ ಮೇಡಂ, ಇತನಾ ತೋ ಬೋಲ್ ರಹಾ ಹೈ." ಮೂಕ ಎಲ್ಲಿಂದ ಬಂತು, ಇಷ್ಟು ಮಾತಾಡುತ್ತಿದೆಯಲ್ಲ ಎಂದು ನಗುತ್ತಿದ್ದ.

ನಾನೂ ನಕ್ಕೆ. "ಗೂಂಗಾ ಅಲ್ಲ, ಗುಂಗು. ನಮ್ಮ ಭಾಷೆಯದು. ಹಾಡು ನಿಂತ ಮೇಲೂ ತಲೆಯಲ್ಲಿ ನಿಲ್ಲದೆ..." ಎಂದು ಹಿಂದಿಯಲ್ಲಿ ಬಿಡಿಸಿ ಹೇಳಲು ಹೊರಟವಳು ಅರ್ಧಕ್ಕೇ ನಿಂತೆ. ಟೀ ಲೋಟ ಕಣ್ಣ ಮುಂದೆ ಬಂತು. ಹನ್ನೊಂದು ಗಂಟೆ. ಹನ್ನೊಂದು ಗಂಟೆಗೆ ಅಣ್ಣ ಕಾರ್ಖಾನೆಯಲ್ಲಿರುತ್ತಿದ್ದ. ಆ ಹೆಂಗಸಿಗೆ ಸೆಟ್ಟು ಹಾಕಲು ಬರುತ್ತಿರಲಿಲ್ಲ. ಅಮ್ಮ ಕೈ ತೋರಿಸಿದಾಗ ಪೆಟ್ಟಿಗೆ ಬಂದ್ ಆಗಿತ್ತು. ಬೆಳಗಿನಿಂದ ಮೂಕವಾಗಿದ್ದ ಪೆಟ್ಟಿಗೆಯನ್ನು ಮೂಕ ಮಾಡಿ ಎಂದು ಯಾರು ಕೇಳುತ್ತಾರೆ?

ತೊದಲುವ ನಾಲಗೆಯಲ್ಲಿ ಗುಂಗು ಎನ್ನುವ ಪದ ಹೇಗೆ ಹೊರಟಿರಬಹುದೆಂದು ಅಲ್ಲಿಯೇ ಕುಳಿತು ಹೇಳಿಕೊಂಡು ನೋಡಿದೆ. ಬಿಹಾರದ ಹೆಂಗಸು ತನಗೆ ಗೊತ್ತಿದ್ದ ಪದವನ್ನು ಕೇಳಿಸಿಕೊಂಡಳು, ಅವಳ ತಪ್ಪಲ್ಲ. ಅಮ್ಮನ ಬಾಯಿಂದ ಹುಟ್ಟಿದಾರಭ್ಯ ಕನ್ನಡವನ್ನೇ ಕೇಳಿದ ನಾನು ಅಮ್ಮ ಹಿಂದಿಯಲ್ಲಿ ಮಾತಾಡಿದಳೆಂದು ನಂಬಿದೆ. ಅಮ್ಮ ನನ್ನೊಂದಿಗೆ ಒಂದು ದಿನವೂ ಹಿಂದಿ ಆಡಿದವಳಲ್ಲ. ಆ ಒಂದು ಪದ ನನಗೆ ಅನುಕೂಲವಾಗಿತ್ತು, ಅದಕ್ಕೇ ನಂಬಿದೆ.

ಮೆಕ್ಯಾನಿಕ್ಕು ಗಾಬರಿಯಾಗಿ ನೀರು ತಂದುಕೊಟ್ಟ. ಬಿಪಿ ಇದೆಯೇ ಎಂದು ಕೇಳಿದ. ಇಲ್ಲ ಎಂದು ತಲೆಯಾಡಿಸಿ, ಬೇರೆ ಡಬ್ಬ ತೋರಿಸಲು ಹೇಳಿದೆ. ಎಲ್ಲ ಕಡೆ ಮುಚ್ಚಿರುವಂಥದ್ದೊಂದು ಜೋಡಿ ಇದೆ, ಆದರೆ ನೋಡಲು ಚೆಂದವಿಲ್ಲ, ಮುಂದಿನ ವಾರ ಬನ್ನಿ ಎಂದ. ಅಂದು ಮನೆಗೆ ಹೋಗಿ ಅಮ್ಮನ ಮಂಚದ ಮೇಲೆ ಕುಳಿತು ಅತ್ತೆ. ಅಮ್ಮ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಮುಚ್ಚಿದ ಡಬ್ಬಗಳು ನಿಜಕ್ಕೂ ವಿಕಾರವಾಗಿದ್ದವು. ಇಂಗ್ಲೆಂಡಿನವು, ಮುಂದಿನ ಬಟ್ಟೆ ಹರಿದಿತ್ತು, ಒಂದರ ಮೂಲೆಯನ್ನು ಇಲಿ ಕಡಿದಿತ್ತು. ದೆಹಲಿಯ ಸೆಕೆಗೆ ಸ್ಪೀಕರಿನ ಸುತ್ತಲಿನ ಫೋಮು ಪುಡಿಯಾಗಿ ಹೋಗಿತ್ತಂತೆ, ಅವನು ರಬ್ಬರಿನ ಅಂಚು ಕಟ್ಟಿದ್ದ. "ತೂತಿರೋ ಡಬ್ಬ ಬೇಸನ್ನ ಬೆಳೆಸತ್ತೆ, ಮುಚ್ಚಿದ ಡಬ್ಬ ಬೇಸನ್ನ ಹೊತ್ತಿಗೆ ಸರಿಯಾಗಿ ನಿಲ್ಲಿಸತ್ತೆ," ಎಂಬರ್ಥದ ಮಾತನ್ನು ಹಿಂದಿಯಲ್ಲಿ ಹೇಳಿ ಸೂಜಿ ಇಳಿಸಿದ. ಬೇಸು ಬಂತು, ನಿಂತಿತು. ನಿಂತ ಜಾಗದಲ್ಲಿ ಏನೂ ಇರಲಿಲ್ಲ. ನನ್ನ ಕೈ ತಾನಾಗಿಯೇ ಎದ್ದು ತೊಡೆಯ ಮೇಲೆ ಬಿತ್ತು, ಸರಿಯಾಗಿ ಆ ಖಾಲಿ ಪೆಟ್ಟಿನ ಮೇಲೆ. ಅರವತ್ತರ ಹತ್ತಿರ ಬಂದ ಮೇಲೆ ನನಗೆ ಹಾಡು ಸಿಕ್ಕಿತು. ಇದೇ ಸಾಕು, ಜೊತೆಗೆ ಒಂದು ಗಟ್ಟಿ ಆಂಪ್ಲಿಫೈಯರು, ನಿಧಾನವಾಗಿ ತಿರುಗಿದರೂ ತೊಂದರೆ ಕೊಡದ ಟರ್ನ್‌ಟೇಬಲ್ಲು ಕಟ್ಟಿಕೊಡು ಎಂದೆ. ನಿಧಾನವಾಗಿ ತಿರುಗಿದರೆ ರೆಕಾರ್ಡು ಅಳುತ್ತದೆ ಮೇಡಂ ಎಂದು ಅವನು ನನ್ನ ಅಜ್ಞಾನವನ್ನು ತಿದ್ದಿದ.

ಭಾನುವಾರ ಬೆಳಿಗ್ಗೆ ಒಂದು ಟೆಂಪೋದಲ್ಲಿ ಎಲ್ಲವನ್ನೂ ಹಾಕಿಸಿಕೊಂಡು, ಡ್ರೈವರಿನ ಪಕ್ಕದಲ್ಲಿ ಕುಳಿತು ಫರೀದಾಬಾದಿಗೆ ಹೋದೆ. ಅಣ್ಣ ಬಾಗಿಲಲ್ಲೇ ನಿಂತುಬಿಟ್ಟ. ಹರಿದ ಬಟ್ಟೆಯ ಮೇಲೆ ಕೈಯಾಡಿಸಿದ, ಡಬ್ಬವನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿದ. "ಸೀಲ್ಡ್ ಬಾಕ್ಸು," ಎಂದ. "ಯಾರು ಹೇಳಿಕೊಟ್ಟರು ನಿನಗೆ?" ಉತ್ತರಕ್ಕೆ ಕಾಯದೆ ನೆಲದ ಮೇಲೆ ಕುಳಿತು ವೈರುಗಳನ್ನು ಹೆಣೆಯತೊಡಗಿದ. ಟ್ರಂಕಿನ ಮೇಲಿನ ಬಟ್ಟೆಯನ್ನು ತೆಗೆದು ಮಡಚಿ ಪಕ್ಕಕ್ಕಿಟ್ಟ. ನಾನು ದಿಂಬಿನ ಚೀಲದಿಂದ ಆ ಸಣ್ಣ ರೆಕಾರ್ಡನ್ನು ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ಎರಡೂ ಪಕ್ಕ ನೋಡಿ ತಿರುಗಿಸಲು ಇಟ್ಟ.

ಬೇಸು ಶುರುವಾದಾಗ ಅವನ ಮುಖವನ್ನು ನೋಡಿದೆ. ಅವನಿಗೆ ಕೇಳಿಸುತ್ತಿತ್ತು. ಅಷ್ಟಕ್ಕೇ ಸುಮ್ಮನಿದ್ದು, ಊಟ ಮಾಡಿ ಬಂದುಬಿಡಬಹುದಿತ್ತು. ನನ್ನಿಂದಾಗಲಿಲ್ಲ.

"ಅಣ್ಣ, ಅಮ್ಮ ಅವತ್ತು ನಿಲ್ಲಿಸು ಅಂದಿರಲಿಲ್ಲ," ಎಂದೆ.

"ಏನು?"

ಇನ್ನಷ್ಟು ಜೋರಾಗಿ ಹೇಳಿದೆ. "ಆ?" ಎಂದು ಎಡಗಿವಿಯನ್ನು ನನ್ನ ಕಡೆ ತಿರುಗಿಸಿದ. ಮೂರನೆಯ ಸಲ ನಾನು ಕಿರುಚಬೇಕಾಯಿತು. "ಅಮ್ಮ ಗುಂಗು ಬೇಕು ಅಂದಿದ್ದಳು. ಆ ಹೆಂಗಸು ಗೂಂಗಾ ಅಂತ ಕೇಳಿಸ್ಕೊಂಡಳು, ನಾನೂ ಹಾಗೇ ತಿಳ್ಕೊಂಡೆ. ನಾನು ತಪ್ಪು ಮಾಡಿದೆ." ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದವಳು ಬಗ್ಗಿ ನೋಡಿದಳು. ಅವಳಿಗೆ ಕನ್ನಡ ಬರುವುದಿಲ್ಲವಲ್ಲ ಎಂದು ನನಗೆ ಆ ಹೊತ್ತಿನಲ್ಲೂ ಸಮಾಧಾನವಾಯಿತು.

ಅಣ್ಣ ಸೂಜಿಯನ್ನು ಎತ್ತಿದ.

"ನನಗೆ ಗೊತ್ತು," ಎಂದ. "ಅದಕ್ಕೆ ಗುಂಗು ಅಂತ ಹೆಸರಿಟ್ಟಿದ್ದೇ ಅವಳು. ಗುಂಗು ಹಾಕೋ, ಹುರುಳಿಕಾಯಿ ಬಿಡಿಸೋದಿದೆ ಅಂತಿದ್ದಳು. ಲಕ್ವ ಹೊಡೆದ ಮೇಲೆ ಉಳಿದ ಎರಡು ಮೂರು ಮಾತಲ್ಲಿ ಅದೂ ಒಂದು."

"ಮತ್ತೆ ಯಾಕೆ ನನಗೆ ಹೇಳಲಿಲ್ಲ?"

"ನೀನು ಗೊತ್ತಿದ್ದೇ ಮಾಡಿದೆ ಅಂದ್ಕೊಂಡಿದ್ದೆ."

ಆರು ವರ್ಷ ಅವನು ನನ್ನನ್ನು ಹಾಗೆ ತಿಳಿದಿದ್ದ. ಹಾಗೆ ತಿಳಿದೂ ಯುಗಾದಿಗೆ, ದೀಪಾವಳಿಗೆ ಮರೆಯದೆ ಫೋನು ಮಾಡುತ್ತಿದ್ದ.

"ಆಮೇಲೂ ದಿನಾ ಕೇಳ್ತಿದ್ದಳು," ಎಂದ ಅಣ್ಣ, ಕೈಯಲ್ಲಿದ್ದ ವೈರಿನ ತುದಿಯನ್ನು ತಿರುಚುತ್ತ. "ನಾನು ಶಿಫ್ಟಿಂದ ಬಂದ ಕೂಡಲೇ. ಸೆಟ್ಟು ಎಲ್ಲಿಂದ ತರಲಿ? ಪಕ್ಕದಲ್ಲಿ ಕೂತು ಬಾಯಲ್ಲೇ ಬೇಸ್ ಹಾಡ್ತಿದ್ದೆ. ಎಡಗೈಯಲ್ಲಿ ತಾಳ ಹಾಕೋಳು. ಒಂದೂ ತಪ್ಪಿಸ್ತಿರಲಿಲ್ಲ."

"ನನ್ನ ಮುಂದೆ ಒಂದು ದಿನಾನೂ ಆ ಮಾತು ಆಡಲಿಲ್ವಲ್ಲೋ. ಕೇಳಿದ್ದರೆ ನಾನು..."

ಅವನಿಗೆ ಕೇಳಿಸಲಿಲ್ಲವೋ, ಹೇಳಬೇಕೋ ಬೇಡವೋ ಎಂದು ಯೋಚಿಸಿದನೋ, ತಿರುಚಿದ ವೈರನ್ನು ಬಿಚ್ಚಿ ನೇರ ಮಾಡಿದ. ಆಮೇಲೆ ನನ್ನ ಕಡೆ ನೋಡದೆ ಹೇಳಿದ: "ಆರೂವರೆಗೆ ಕೆಳಗೆ ಗೇಟು ಸದ್ದಾಗೋದು. ಒಡನೆ ಆ ಎಡಗೈಯಿಂದ ನನ್ನ ಬಾಯಿ ಮುಚ್ಚಿಬಿಡೋಳು. ನೀನು ಬಂದು, ಕೈಕಾಲು ತೊಳೆದು, ನಿನ್ನ ಕೋಣೆಗೆ ಹೋಗೋವರೆಗೂ ತೆಗೀತಿರಲಿಲ್ಲ."

ಅಣ್ಣ ರೆಕಾರ್ಡನ್ನು ತಿರುವಿ ಹಾಕಿ ಸೂಜಿ ಇಳಿಸಿದ, ಹಾಡುಗಾರ ಹಾಡತೊಡಗಿದ. ಆ ಮೂರು ತಿಂಗಳು ನಾನು ಬಾಗಿಲು ತೆರೆದರೆ ಇಬ್ಬರೂ ಅಲ್ಲಾಡದೆ ಕುಳಿತಿರುತ್ತಿದ್ದರು, ಅಮ್ಮನ ಕೈ ಅಣ್ಣನ ಮುಖದ ಮೇಲಿರುತ್ತಿತ್ತು. ಮುದ್ದು ಮಾಡುತ್ತಿದ್ದಾಳೆ ಎಂದುಕೊಂಡು ನಾನು ನನ್ನ ಕೋಣೆಗೆ ಹೋಗುತ್ತಿದ್ದೆ. ನಮ್ಮ ಮನೆ ಈಗ ಎಷ್ಟು ಶಾಂತವಾಗಿದೆ ಎಂದು ಸೆಕ್ಷನ್ನಿನಲ್ಲಿ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದೆ.